ಪರದೆಯ ಹಿಂದಿನ ಹಿಡಿ ಅಕ್ಕಿ

ನಮ್ಮ ಮನೆಯ ಪಡಸಾಲೆ ಭಾನುವಾರ ನಮ್ಮದಾಗಿರುತ್ತಿರಲಿಲ್ಲ. ಶನಿವಾರ ಸಂಜೆಯೇ ಅವ್ವ ನೆಲ ಸಾರಿಸಿ, ಬೀಸುವ ಕಲ್ಲನ್ನು ಮೂಲೆಗೆ ಸರಿಸಿ, ಹೊರಸನ್ನು ಹಿತ್ತಲಲ್ಲಿ ನಿಲ್ಲಿಸುತ್ತಿದ್ದಳು. ಬೆಳಿಗ್ಗೆ ಹನ್ನೊಂದು ಮನೆಗಳ ಜನ ಬಂದು ಚಾಪೆಯ ಮೇಲೆ ಕೂಡುತ್ತಿದ್ದರು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಅಕ್ಕಿಆಲೂರಿನಿಂದ ಎರಡು ಹರದಾರಿ ದೂರದ ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಇದ್ದದ್ದೇ ಅಷ್ಟು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದನ ಕಟ್ಟುವ ಜಾಗ ತಲೆಬಾಗಿಲಿನ ಒಳಗೇ ಇರುತ್ತಿತ್ತು. ಮಕ್ಕಳೇ, ನೀವು ಅಂಥ ಮನೆ ನೋಡಿಲ್ಲ. ಪಡಸಾಲೆಗಿಂತ ಒಂದು ಮೊಳ ತಗ್ಗಿನಲ್ಲಿ ನಮ್ಮ ಎರಡು ಎತ್ತು, ಒಂದು ಎಮ್ಮೆ ನಿಂತಿರುತ್ತಿದ್ದವು. ಸಭೆಯ ಹಿರಿಯರಾಗಿದ್ದ ಅಪ್ಪ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಸಾಕು, ಎತ್ತು ಅದೇ ಹೊತ್ತು ಸಾಧಿಸಿ ಧಾರೆಯಾಗಿ ಉಚ್ಚೆ ಹೊಯ್ಯುತ್ತಿತ್ತು. ಸಗಣಿಯ ವಾಸನೆ, ಹುಲ್ಲಿನ ವಾಸನೆ, ಹೆಂಗಸರ ತಲೆಯ ಎಣ್ಣೆಯ ವಾಸನೆ ಇವುಗಳ ನಡುವೆಯೇ ನಾನು ದೇವರ ಹೆಸರು ಕಲಿತದ್ದು.

"ಆಮೆನ್ ಅನ್ನೂದ್ರಾಗ ನಿಮ್ಮ ಎತ್ತು ನಮ್ಮಕಿಂತ ಮುಂದ ಐತಿ ನೋಡ್ರಿ ಹಿರೇರ," ಎಂದು ಗೌಂಡಿ ಸಮುವೇಲಪ್ಪ ನಗುತ್ತಿದ್ದ. ಅವನು ಸುತ್ತಲಿನ ಊರುಗಳಲ್ಲಿ ಮನೆ ಕಟ್ಟುವವನು, ನಮ್ಮ ಸಭೆಯವನೇ. ಅವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಜನ ಎದ್ದು ಹೋದ ಮೇಲೆ ಮಕ್ಕಳು ಚೆಲ್ಲಿದ ನೀರು, ಎಲೆ ಅಡಿಕೆಯವರು ಗೋಡೆಗೆ ಒರೆಸಿದ ಸುಣ್ಣದ ಗುರುತು ಎಲ್ಲವೂ ಅವಳ ಪಾಲಿಗೆ.

"ಸ್ವಾಮಿ ಹುಟ್ಟಿದ್ದ ದನದ ಗ್ವಾದಲ್ಯಾಗ. ನಿನಗ್ಯಾಕ ಇಷ್ಟು ಸಿಟ್ಟು?" ಎಂದು ಅಪ್ಪ ಕೇಳಿದರೆ,

"ಹುಟ್ಟಿದ್ದು ಖರೆ. ಅಲ್ಲೇ ಉಳದ್ನೇನ್ರಿ? ನನ್ನ ಪಡಸಾಲಿ ನನಗ ಕೊಡ್ರಿ, ಅವಗೊಂದು ಬ್ಯಾರೆ ಮನಿ ಕಟ್ರಿ," ಎನ್ನುತ್ತಿದ್ದಳು.

ಹೀಗೆ ದೇವಾಲಯ ಕಟ್ಟುವ ಮಾತು ನಮ್ಮ ಮನೆಯಲ್ಲಿ ಮೊದಲು ಎದ್ದದ್ದು ಅವ್ವನ ಕಸಬರಿಗೆಯಿಂದ. ಅಪ್ಪ ನಮ್ಮ ಹೊಲದ ಅಂಚಿನ ದಿಬ್ಬವನ್ನು ಸಭೆಗೆ ಬಿಟ್ಟುಕೊಟ್ಟರು. ಎರಡು ತಿಂಗಳಿಗೊಮ್ಮೆ ಹಾನಗಲ್ಲಿನಿಂದ ಗಾಡಿಯಲ್ಲಿ ಬರುತ್ತಿದ್ದ ಪಾದ್ರಿಗಳು ಅಲ್ಲಿ ನಿಂತು ಪ್ರಾರ್ಥನೆ ಮಾಡಿದರು. ಆದರೆ ಅದು ಯುದ್ಧದ ಕಾಲ. ಹೊರದೇಶದಿಂದ ಬರುತ್ತಿದ್ದ ಸಹಾಯ ನಿಂತುಹೋಗಿತ್ತು. ಕಟ್ಟುವುದಾದರೆ ನಿಮ್ಮ ಕೈಯಿಂದಲೇ ಕಟ್ಟಬೇಕು ಎಂದು ಪಾದ್ರಿಗಳು ಹೇಳಿ ಹೋದರು. ಸಮುವೇಲಪ್ಪ ಊರಗೌಡರನ್ನು ಕೇಳೋಣ, ಅಕ್ಕಿಆಲೂರಿನ ಅಂಗಡಿಕಾರರನ್ನು ಕೇಳೋಣ ಎಂದ. ಅಪ್ಪ ಒಪ್ಪಲಿಲ್ಲ. ಅವರು ಓದಿದ್ದು ಕಡಿಮೆ, ಆದರೆ ಸತ್ಯವೇದವನ್ನು ಓದಿ ಓದಿ ಅದರ ಹಾಳೆಗಳ ತುದಿ ಕಪ್ಪಾಗಿದ್ದವು. ಅರಣ್ಯದಲ್ಲಿ ದೇವರ ಗುಡಾರ ಮಾಡುವಾಗ ಯಾರ ಮನಸ್ಸು ಪ್ರೇರಿಸಿತೋ ಅವರು ತಂದರು, ಯಾರನ್ನೂ ಪೀಡಿಸಲಿಲ್ಲ. ನಾವೂ ಯಾರ ಬಾಗಿಲಿಗೂ ಹೋಗಬಾರದು. ಒಲ್ಲದ ಮನಸ್ಸಿನಿಂದ ಬಂದದ್ದು ಗೋಡೆಯಲ್ಲಿ ಸೇರಬಾರದು. ಇನ್ನು ಕೊಡುವವರ ಬಲಗೈ ಮಾಡಿದ್ದು ಎಡಗೈಗೂ ತಿಳಿಯಬಾರದು. ಈ ಮೂರನ್ನು ಅಪ್ಪ ಬೆರಳು ಮಡಿಚಿ ಹೇಳಿದರು. ಯಾರೂ ಎದುರಾಡಲಿಲ್ಲ. ಈಗಲೂ ಯೋಚಿಸಿದರೆ ಅವುಗಳಲ್ಲಿ ಒಂದೂ ತಪ್ಪಿನ ಮಾತಲ್ಲ.

ಕೊಡುವುದೇನು? ಹಿಡಿ ಅಕ್ಕಿ. ಅಡಿಗೆಗೆ ಅಕ್ಕಿ ತೆಗೆದಾಗೆಲ್ಲ ಹೆಂಗಸರು ಒಂದು ಹಿಡಿಯನ್ನು ದೇವರಿಗೆಂದು ಬೇರೆ ಗಡಿಗೆಯಲ್ಲಿ ಹಾಕುವುದು, ವಾರದ್ದನ್ನು ಭಾನುವಾರ ತರುವುದು. ಕೂಡಿದ ಅಕ್ಕಿಯನ್ನು ಸಂತೆಯಲ್ಲಿ ಮಾರಿ ಸುಣ್ಣ, ತೊಲೆ, ಹಂಚು ತರುವುದು. ಇದ್ದವರು ಹಿಡಿ, ಇಲ್ಲದವರು ಚಿಟಿಕೆ. ಚಿಟಿಕೆ ತಂದವರು ನಾಚಬಾರದು, ಹಿಡಿ ತಂದವರು ಬೀಗಬಾರದು ಎಂದು ಅಪ್ಪ ಒಂದು ಉಪಾಯ ಮಾಡಿದರು. ಅಡಿಗೆಮನೆಗೆ ಹೋಗುವ ಸಂದಿಯಲ್ಲಿ ಮಣ್ಣಿನ ದೊಡ್ಡ ಗುಡಾಣ ಇಟ್ಟು, ಅದರ ಮುಂದೆ ಅವ್ವನ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದರು. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಸೆರಗಿನಲ್ಲಿ ಮುಚ್ಚಿಕೊಂಡು ತಂದದ್ದನ್ನು ಒಬ್ಬೊಬ್ಬರಾಗಿ ಒಳಗೆ ಹೋಗಿ ಸುರಿದು ಬರಬೇಕು. ಪರದೆಯ ಒಂದು ತುದಿಗೆ ಗೂಟವಿರಲಿಲ್ಲ. ಅದನ್ನು ಹಿಡಿದು ನಿಲ್ಲಲು ಒಬ್ಬರು ಬೇಕಿತ್ತು.

"ಎಸ್ತರ ನಿಲ್ಲಲಿ," ಎಂದರು ಅಪ್ಪ. "ಇಕಿ ಬಾಯಿಂದ ಮಾತು ಹೊರಡಬೇಕಂದ್ರ ಎರಡು ಮಳಿಗಾಲ ಆಗಬೇಕು."

ಎಲ್ಲರೂ ನಕ್ಕರು. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಊರ ಸಾಲೆಯಲ್ಲಿ ಮಾಸ್ತರರು ಹೆಸರು ಕೂಗಿದರೆ ಇದ್ದೇನೆ ಎನ್ನಲು ಗಂಟಲು ಕಟ್ಟುತ್ತಿದ್ದ ಹುಡುಗಿ ನಾನು. ಮನೆಗೆ ಯಾರಾದರೂ ಬಂದರೆ ಎಮ್ಮೆಯ ಮರೆಗೆ ಹೋಗಿ ನಿಲ್ಲುತ್ತಿದ್ದೆ. ಅದಕ್ಕಾಗಿ ಬೈಸಿಕೊಂಡದ್ದೇ ಹೆಚ್ಚು. ಆ ಭಾನುವಾರ ಮೊದಲ ಸಲ ನನ್ನ ಮೂಕತನ ಒಂದು ಗುಣವಾಗಿ ಜನರ ಮುಂದೆ ಬಂತು. ಒಳಗೆ ಇಣುಕಬಾರದು ಎಂದು ಅಪ್ಪ ಹೇಳಿದರು. ನೆಟ್ಟಗೆ ನಿಂತು ಸೀರೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಸೀರೆ ಬಹಳ ಹಳೆಯದು. ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಕಡೆ ಎಳೆ ಸವೆದು ಜಾಳುಜಾಳಾಗಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಅಪ್ಪ ಬಡ ವಿಧವೆಯ ಭಾಗವನ್ನು ಓದಿದರು. ಪಾದ್ರಿಗಳು ಬರದ ಭಾನುವಾರಗಳಿಗೆಂದು ಅವರೇ ಪೆನ್ಸಿಲಿನಿಂದ ಗುರುತು ಮಾಡಿಕೊಟ್ಟಿದ್ದ ಭಾಗಗಳಲ್ಲಿ ಅದೂ ಒಂದು. ಶ್ರೀಮಂತರು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತಮ್ಮ ಉಳಿಕೆಯಲ್ಲಿ ಹಾಕಿದರು, ಎರಡೇ ಕಾಸು ಇದ್ದ ಈಕೆ ತನ್ನ ಬದುಕನ್ನೇ ಹಾಕಿದಳು ಎಂದು ಅಪ್ಪ ವಿವರಿಸುವಾಗ ಅವರ ದನಿ ತುಂಬಿ ಬಂದಿತ್ತು. ಹೆಂಗಸರ ಸಾಲಿನಲ್ಲಿ ಎರಡು ಮೂರು ತಲೆಗಳು ಹಿಂದಕ್ಕೆ ತಿರುಗಿದವು. ಅಲ್ಲಿ ಗೋಡೆಗೆ ಒರಗಿ ರೂತವ್ವ ಕುಳಿತಿದ್ದಳು. ನಮ್ಮ ಮನೆಯ ಹಿಂದೆ, ಒಂದೇ ಕೋಣೆಯ ಗುಡಿಸಿಲಿನಲ್ಲಿ ಒಬ್ಬಳೇ ಇದ್ದ ಮುದುಕಿ. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಮನೆ ಮನೆಗೆ ಹೋಗಿ ಭತ್ತ ಕುಟ್ಟಿಕೊಟ್ಟು ಕೂಲಿಗೆ ಅಕ್ಕಿ ತರುತ್ತಿದ್ದಳು. ಅಕ್ಕಿಆಲೂರಿನಲ್ಲಿ ಗಿರಣಿ ಬಂದ ಮೇಲೆ ಜನ ಭತ್ತವನ್ನು ಗಾಡಿಯಲ್ಲಿ ಅಲ್ಲಿಗೇ ಒಯ್ಯುತ್ತಿದ್ದರು. ನಮ್ಮ ಮನೆಯದೂ ಅಲ್ಲಿಗೇ ಹೋಗುತ್ತಿತ್ತು. ರೂತವ್ವನಿಗೆ ಉಳಿದದ್ದು ಎರಡೋ ಮೂರೋ ಮನೆ. ಇದ್ದ ಒಂದು ಚಟವೆಂದರೆ ಸವಣೂರಿನ ವೀಳ್ಯದೆಲೆ. ನಗುವಾಗ ಬಾಯೆಲ್ಲ ಕೆಂಪಾಗಿರುತ್ತಿತ್ತು.

ಆ ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಅವ್ವ ಸುಮ್ಮನಿರಲಿಲ್ಲ.

"ಒಂದ ಮಾತ ಕೇಳ್ತೇನಿ. ಆ ವಿಧವಿ ಇದ್ದದ್ದೆಲ್ಲಾ ಹಾಕಿ ಮನಿಗೆ ಹೋದ್ಳಲ್ಲ, ರಾತ್ರಿ ಏನ ಉಂಡ್ಳು ಅಂತ ಬರದಾರೇನ್ರಿ ಅದರಾಗ?"

"ಅದನ್ನ್ಯಾಕ ಬರೀತಾರ?"

"ಬರದವರು ಗಂಡಸರು. ಅದಕ್ಕ ಬರದಿಲ್ಲ. ಸಾರು ಹಾಕಲೋ?"

"ಹಾಕು. ಮಕ್ಕಳ ಮುಂದ ಹಿಂಗ ಆಡಬ್ಯಾಡ." ಅಪ್ಪ ಕೋಪದಿಂದ ಹೇಳಿದರೂ ಮೀಸೆಯಲ್ಲಿ ಸ್ವಲ್ಪ ನಗು ಇತ್ತು. ಆ ಊಟ ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ರೂತವ್ವ ಪರದೆಯ ಹಿಂದೆ ಹೋದಾಗ ನಾನು ಜಾಳಾದ ಎಳೆಗಳ ನಡುವಿನಿಂದ ನೋಡಿದೆ. ಅಲ್ಲಿಯವರೆಗೆ ಅವಳು ತರುತ್ತಿದ್ದದ್ದು ನಾಲ್ಕು ಬೆರಳಿಗೆ ಸಿಗುವಷ್ಟು ನುಚ್ಚು. ಆ ದಿನ ಅವಳ ಉಡಿ ತುಂಬಿತ್ತು. ಇಡೀ ವಾರದ ಕೂಲಿಯ ಅಕ್ಕಿ ಅದು. ಗುಡಾಣದ ಬಾಯಿಗೆ ಉಡಿಯನ್ನು ಹಿಡಿದು ಸದ್ದಾಗದಂತೆ ಮೆಲ್ಲಗೆ ಸುರಿದಳು. ಆಮೇಲೆ ಸೀರೆಯನ್ನು ಕೊಡವಿದಳು. ನೆಲಕ್ಕೆ ಬಿದ್ದ ಏಳೆಂಟು ಕಾಳನ್ನು ಬಗ್ಗಿ ಬೆರಳ ತುದಿಗೆ ಅಂಟಿಸಿಕೊಂಡು ಅವನ್ನೂ ಒಳಗೆ ಹಾಕಿದಳು. ಹೊರಗೆ ಬರುವಾಗ ಅವಳ ಮುಖ ಮದುವೆಯ ಮನೆಯಿಂದ ಬಂದವರ ಮುಖದಂತಿತ್ತು. ಅದರ ಮುಂದಿನ ವಾರವೂ ಹಾಗೆಯೇ ಆಯಿತು. ಅದರ ಮುಂದಿನ ವಾರವೂ. ಅವಳ ಬಾಯಿ ಕೆಂಪಾಗಿರುವುದು ನಿಂತುಹೋಯಿತು.

ಒಂದು ಸಂಜೆ ಅವ್ವ ಒಲೆಗೆ ಕೆಂಡ ತರಲು ನನ್ನನ್ನು ಅವಳ ಗುಡಿಸಿಲಿಗೆ ಕಳಿಸಿದಳು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಹುರಿದು ಸಿಪ್ಪೆ ತೆಗೆದ ಹುಣಸೆ ಬೀಜ, ಗದ್ದೆಯ ಬದುವಿನ ಅಣ್ಣೆ ಸೊಪ್ಪು. ಅಕ್ಕಿಯ ಗಡಿಗೆ ಬೋರಲಾಗಿ ಬಿದ್ದಿತ್ತು. ನಾನು ಗಡಿಗೆಯನ್ನೇ ನೋಡುತ್ತಿರುವುದನ್ನು ಕಂಡು ರೂತವ್ವ ಕೈಹಿಡಿದು ಕೂಡಿಸಿಕೊಂಡಳು.

"ಪರದೆ ಹರದೈತಿ. ನನಗೂ ಗೊತ್ತೈತಿ ನಮ್ಮವ್ವಾ. ನೋಡೀಯಿಲ್ಲೋ?"

ನಾನು ತಲೆ ತಗ್ಗಿಸಿದೆ.

"ನೋಡಿದ್ರ ನೋಡು. ಬಾಯಿ ಮಾತ್ರ ಬಿಡಬ್ಯಾಡ. ನಿಮ್ಮಪ್ಪ ಓದಿದ್ನಲ್ಲ, ಅಷ್ಟು ದೊಡ್ಡ ಪುಸ್ತಕದಾಗ ನನ್ನಂಥಾಕಿ ಒಬ್ಬಾಕಿ ಅದಾಳ ಅಂತ ನನಗ ಇಷ್ಟು ದಿನ ಗೊತ್ತ ಇರಲಿಲ್ಲ. ರಾಜರ ಕಥಿ ಕೇಳಿದ್ದೆ, ಪ್ರವಾದಿಗಳ ಕಥಿ ಕೇಳಿದ್ದೆ. ಆಕಿ ಹೆಸರ ಸೈತ ಹೇಳಿಲ್ಲ, ಆದರ ಸ್ವಾಮಿ ಆಕಿನ್ನ ಕುಂತು ನೋಡಿದ್ನಂತ. ಕುಂತು ನೋಡಿದ್ನಂತ ಎಸ್ತರಾ! ನನ್ನ ಯಾರ ನೋಡ್ಯಾರ?"

"ಅಜ್ಜೀ, ಹಸಿವಿ ಆಗೂದಿಲ್ಲೇನು?" ಎಂದು ಕೇಳಿದೆ.

"ಆಗತೈತಿ. ಅದು ಹೊಟ್ಟಿ ಕೆಲಸ, ಅದು ಮಾಡತೈತಿ. ಹೋಗು, ಕೆಂಡ ಆರತಾವ."

ನನಗೆ ತಡೆಯಲಾಗಲಿಲ್ಲ. ನಾಲ್ಕು ದಿನ ಬಿಟ್ಟು ಅವ್ವನ ಹತ್ತಿರ ಹೋಗಿ, ರೂತಜ್ಜಿಯ ಮನೆಯಲ್ಲಿ ಅಕ್ಕಿ ಇಲ್ಲ ಎಂದಷ್ಟೇ ಹೇಳಿದೆ. ಯಾಕಿಲ್ಲ ಎಂದು ಹೇಳಲಿಲ್ಲ. ಗಿರಣಿ ಬಂದು ಮುದುಕಿಯ ಅನ್ನ ಹೋಯಿತೆಂದು ಅವ್ವ ಮರುಗಿದಳು. ಸರಕಾರದವರು ಲೆವಿಯೆಂದು ಭತ್ತ ಅಳೆದುಕೊಂಡು ಹೋಗುತ್ತಿದ್ದ ಕಾಲ, ನಮ್ಮ ಮನೆಯಲ್ಲೂ ಧಾರಾಳವಿರಲಿಲ್ಲ. ಆದರೂ ಮೊರದ ತುಂಬ ಅಕ್ಕಿ ತುಂಬಿ ತಾನೇ ಹೋಗಿ ಕೊಟ್ಟು ಬಂದಳು. ಆ ರಾತ್ರಿ ನಾನು ನಿಶ್ಚಿಂತೆಯಿಂದ ಮಲಗಿದೆ. ನಮ್ಮ ಗದ್ದೆಯ ಅಕ್ಕಿಗೆ ಬೆನ್ನಿನ ಮೇಲೆ ಸಣ್ಣ ಕೆಂಪು ಗೀರು ಇರುತ್ತಿತ್ತು. ಭಾನುವಾರ ಪರದೆಯ ಹಿಂದೆ ರೂತವ್ವನ ಉಡಿಯಿಂದ ಗುಡಾಣಕ್ಕೆ ಇಳಿದ ಅಕ್ಕಿಯ ಬೆನ್ನಿನ ಮೇಲೂ ಅದೇ ಗೀರು. ಒಂದು ಹಿಡಿಯನ್ನೂ ಅವಳು ಉಳಿಸಿಕೊಂಡಿರಲಿಲ್ಲ. ನಮ್ಮ ಅಡಿಗೆಮನೆಯಿಂದ ಹೊರಟ ಅಕ್ಕಿ ನಮ್ಮ ಅಡಿಗೆಮನೆಗೇ ತಿರುಗಿ ಬಂದಿತ್ತು. ಅವ್ವ ಆಗ ಪಡಸಾಲೆಯಲ್ಲಿ ಯಾರದೋ ಕೂಸನ್ನು ಆಡಿಸುತ್ತಿದ್ದಳು. ಮುದುಕಿಯ ಹೊಟ್ಟೆ ತುಂಬಿದೆ ಎಂಬ ನೆಮ್ಮದಿ ಅವಳ ಮುಖದಲ್ಲಿತ್ತು. ಆಮೇಲೂ ಆಗಾಗ ಮೊರ ತುಂಬಿ ಕೊಟ್ಟು ಬರುತ್ತಿದ್ದಳು, ಅದೂ ಹೀಗೆಯೇ ಗುಡಾಣ ಸೇರುತ್ತಿತ್ತು.

ಆಗ ಹೇಳಬೇಕಿತ್ತು. ಹೇಳಬೇಕೆಂದು ಎಷ್ಟು ಸಲ ಒಲೆಯ ಮುಂದೆ ಹೋಗಿ ನಿಂತೆನೋ. ಹೇಳಿದರೆ ಪರದೆಯೊಳಗೆ ಇಣುಕಿದ್ದು ಗೊತ್ತಾಗುತ್ತದೆ. ಅಪ್ಪ ಕೊಟ್ಟ ಕೆಲಸ ಹೋಗುತ್ತದೆ. ರೂತವ್ವನಿಗೆ ದೇವರ ಮುಂದಿದ್ದ ಮರ್ಯಾದೆಯೂ ಹೋಗುತ್ತದೆ. ಅಲ್ಲದೆ ಅಪ್ಪ ಪ್ರತಿ ವಾರ ಗುಡಾಣ ತುಂಬಿರುವುದನ್ನು ನೋಡಿ, "ನಾವು ಯಾರನ್ನೂ ಕೇಳಲಿಲ್ಲ. ಆದರೂ ಹೆಂಗ ತುಂಬೈತಿ ನೋಡ್ರಿ," ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ದೊಡ್ಡವರು ಅಳುತ್ತಾ ಸಂತೋಷಪಡುವಾಗ ಮಕ್ಕಳು ಏನು ಹೇಳಬೇಕು? ನಾನು ಒಲೆಯ ಮುಂದಿನಿಂದ ತಿರುಗಿ ಬರುತ್ತಿದ್ದೆ. ಮಾತು ಕಡಿಮೆ ಇರುವವರನ್ನು ಜನ ಒಳ್ಳೆಯವರೆಂದು ತಿಳಿಯುತ್ತಾರೆ. ಅಷ್ಟು ಸುಲಭವಾಗಿ ತಿಳಿಯಬೇಡಿ.

ಮಳೆ ಹಿಂದಾದ ಮೇಲೆ ಗೋಡೆಯ ಕೆಲಸ ಶುರುವಾಯಿತು. ಗಂಡಸರು ಅಡಿಪಾಯಕ್ಕೆ ಹಳ್ಳದಿಂದ ಕಲ್ಲು ತಂದರು, ಮಣ್ಣು ತುಳಿದರು. ಹೆಂಗಸರು ಬುಟ್ಟಿಯಲ್ಲಿ ಕೆಸರು ಹೊತ್ತು ದಿಬ್ಬ ಹತ್ತಿದರು. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಗದ್ದೆಯಲ್ಲಿ ಭತ್ತ ಹಾಲು ತುಂಬುತ್ತಿದ್ದ ದಿನಗಳು ಅವು, ಎಲ್ಲರ ಮನೆಯಲ್ಲೂ ಹಳೆಯ ಕಾಳು ತೀರಿ ಹೊಸದು ಬರದ ಬಿಗಿ ಕಾಲ. ರೂತವ್ವನೂ ಬುಟ್ಟಿ ಹಿಡಿದು ಬಂದಳು.

"ಏ ಮುದುಕಿ, ನೀ ಕುಂತು ನೋಡಿದ್ರ ಸಾಕು. ಗಾಳಿ ಬಂದ್ರ ನಿನ್ನ ಹಿಡಕೊಳ್ಳಾಕ ಒಂದಾಳು ಬೇಕು," ಎಂದ ಸಮುವೇಲಪ್ಪ.

"ನೀ ಗ್ವಾಡಿ ನೆಟ್ಟಗ ಕಟ್ಟೋ ಗೌಂಡಿ. ನನ್ನ ನಡ ನೆಟ್ಟಗಾಗೂದಿಲ್ಲ, ಅದಾದ್ರೂ ಆಗಲಿ," ಎಂದಳು ಅವಳು. ಎಲ್ಲರೂ ನಕ್ಕರು. ಮೂರನೆಯ ಬುಟ್ಟಿ ಹೊತ್ತು ಬರುವಾಗ ದಿಬ್ಬದ ಅರ್ಧದಲ್ಲಿ ಕೂತಳು. ಕೂತವಳು ಹಾಗೇ ಮಗ್ಗುಲಿಗೆ ಒರಗಿದಳು. ಬುಟ್ಟಿಯ ಕೆಸರು ಅವಳ ಮೇಲೆ ಚೆಲ್ಲಿತು.

ಅವಳನ್ನು ನಮ್ಮ ಪಡಸಾಲೆಗೆ ತಂದು ಮಲಗಿಸಿದರು. ಕೆಸರಾದ ಸೀರೆ ಬಿಚ್ಚಿ ಬೇರೆ ಉಡಿಸಲು ಅವ್ವ ಗಂಡಸರನ್ನು ಹೊರಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವ್ವನ ಕೈ ನಿಂತಿತು. ಮುದುಕಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಅವ್ವ ಗಂಜಿ ಮಾಡಿ ಹತ್ತಿಯ ಬತ್ತಿಯಿಂದ ಹನಿ ಹನಿಯಾಗಿ ಬಾಯಿಗೆ ಬಿಟ್ಟಳು. ಅದು ತುಟಿಯ ಕೊನೆಯಿಂದ ಹೊರಗೆ ಹರಿಯಿತು. ಎರಡು ದಿನ ಹಾಗಿದ್ದಳು. ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿ, ಬೆರಳನ್ನು ತುಟಿಯ ಹತ್ತಿರ ತರಲು ಹೋದಳು, ಕೈ ಏಳಲಿಲ್ಲ. ಮೂರನೆಯ ದಿನ ಎತ್ತಿಗೆ ಹುಲ್ಲು ಹಾಕುವ ಹೊತ್ತಿಗೆ ಉಸಿರು ನಿಂತಿತು.

ಮಣ್ಣು ಮಾಡುವ ಮೊದಲು ಸುತ್ತಲು ಅವಳದೇ ಒಳ್ಳೆಯ ಸೀರೆ ಇದ್ದೀತೆಂದು ಅವ್ವ ಗುಡಿಸಿಲಿಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಸೀರೆಯಿರಲಿಲ್ಲ. ಬೋರಲು ಗಡಿಗೆಯಿತ್ತು, ಹುಣಸೆ ಬೀಜದ ಬಟ್ಟಲಿತ್ತು. ಅವನ್ನು ತಂದು ಅಪ್ಪನ ಕಾಲ ಹತ್ತಿರ ಇಟ್ಟಳು.

"ನಾ ಕೊಟ್ಟ ಅಕ್ಕಿ ಎಲ್ಲಿ ಹೋತು? ಮೊರಗಟ್ಟಲೆ ಕೊಟ್ಟೇನಿ. ಆಕಿ ಉಂಡಿಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. ಅವ್ವ ಪರದೆಯನ್ನು ಸರಿಸಿ ಗುಡಾಣದೊಳಗೆ ಕೈ ಹಾಕಿದಳು. ಹಿಡಿ ತುಂಬ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ಅವ್ವ ನಮ್ಮ ಮನೆಯ ಕಾಣಿಕೆಗೆ ಹಾಕುತ್ತಿದ್ದದ್ದು ದಿನಕ್ಕೆ ಎರಡು ಹಿಡಿ. ಅಲ್ಲಿ ಕೆಂಪು ಗೀರಿನ ಅಕ್ಕಿ ಅದಕ್ಕಿಂತ ಎಷ್ಟೋ ಹೆಚ್ಚಾಗಿತ್ತು.

"ನೋಡ್ರಿ," ಎಂದಳು. "ಆಕಿ ಹೊಟ್ಟಿ ಇಲ್ಲೈತಿ. ನಿಮ್ಮ ಗುಡಾಣದಾಗ ಐತಿ."

ಕಟ್ಟುತ್ತಿದ್ದ ಗೋಡೆಯ ಹಿಂದೆ ಆ ಮಧ್ಯಾಹ್ನವೇ ಅವಳನ್ನು ಮಣ್ಣು ಮಾಡಿದರು. ಅವ್ವ ತನ್ನ ಸೀರೆಯನ್ನೇ ಹೊದಿಸಿದಳು.

ಭಾನುವಾರ ಜನ ಬಂದು ಕೂತರು. ಅಪ್ಪ ಪುಸ್ತಕ ತೆರೆದು ಅದೇ ಬಡ ವಿಧವೆಯ ಹಾಳೆಗೆ ಹೋದರು. ಆದರೆ ಪೆನ್ಸಿಲಿನ ಗುರುತಿನಿಂದ ಓದಲಿಲ್ಲ. ಅದಕ್ಕಿಂತ ಕೆಲವು ಸಾಲು ಮೇಲಿನಿಂದ ಶುರು ಮಾಡಿದರು. ಅಲ್ಲಿ ಸ್ವಾಮಿ ಶಾಸ್ತ್ರಿಗಳ ವಿಷಯ ಹೇಳುತ್ತಾನೆ. ಅವರು ಜನ ನೋಡಲೆಂದು ಉದ್ದುದ್ದ ಪ್ರಾರ್ಥನೆ ಮಾಡುತ್ತಾರೆ, ವಿಧವೆಯರ ಮನೆಗಳನ್ನು ನುಂಗುತ್ತಾರೆ ಎನ್ನುತ್ತಾನೆ. ಅದಾದ ಕೂಡಲೇ, ಉಸಿರು ಬಿಡದೆ, ಆ ವಿಧವೆ ಬರುತ್ತಾಳೆ. ನಾವು ಯಾರೂ ಆ ಎರಡನ್ನು ಒಟ್ಟಿಗೆ ಕೇಳಿರಲಿಲ್ಲ. ನುಂಗುವವರ ಮಾತಿಗೆ ಬಂದು ಅಪ್ಪ ನಿಂತರು.

"ಮುಂದ ಓದ್ರಿ ಹಿರೇರ," ಎಂದ ಸಮುವೇಲಪ್ಪ ಮೆಲ್ಲಗೆ.

"ಇಷ್ಟು ದಿನ ಮುಂದಿಂದನ್ನ ಓದೇನಿ," ಎಂದರು ಅಪ್ಪ. "ಸ್ವಾಮಿ ಆಕಿನ್ನ ತೋರ್ಸಿ ಹಿಂಗ ಮಾಡ್ರಿ ಅಂದ್ನೋ, ಏನ ಮಾಡೀರಿ ನೋಡ್ರಿ ಅಂದ್ನೋ, ನನಗ ತಿಳೀವಲ್ತು."

ಪುಸ್ತಕ ಮುಚ್ಚಿದರು. ಆಮೇಲೆ ಅವರು ಹೇಳಿದ್ದು ಒಂದೇ ಮಾತು. ಗುಡಾಣದ ಅಕ್ಕಿ ಸಂತೆಗೆ ಹೋಗುವುದಿಲ್ಲ. ಮೊದಲು ಉಳಿದ ಹತ್ತೂ ಮನೆಗಳ ಒಲೆ ನೋಡಿ ಬರಬೇಕು, ಒಲೆ ಉರಿಯದ ಮನೆಗೆ ಅಲ್ಲಿಂದ ಅಕ್ಕಿ ಹೋಗಬೇಕು. ಗೋಡೆ ಹೀಗೇ ಬಿಟ್ಟರೆ ಮುಂದಿನ ಮಳೆಗೆ ಕರಗುತ್ತದೆ ಎಂದ ಸಮುವೇಲಪ್ಪ. ಕರಗಲಿ ಎಂದರು ಅಪ್ಪ. ಅದು ಕರಗಿತು ಕೂಡ. ಎರಡು ಮಳೆಗಾಲ ಆ ಕಿಟಕಿಮಟ್ಟದ ಗೋಡೆಗಳು ಬಯಲಲ್ಲಿ ನೆನೆದು ಮೊಳಕಾಲಿನ ಎತ್ತರಕ್ಕೆ ಇಳಿದವು, ಒಳಗೆ ಆಡು ಮೇಯುತ್ತಿದ್ದವು. ನೀವು ಕ್ರಿಸ್‌ಮಸ್ಸಿಗೆ ಬಂದಾಗ ಹೋಗುವ ದೇವಾಲಯವನ್ನು ಬಹಳ ಕಾಲದ ಮೇಲೆ ಬೇರೆಯವರು ಕಟ್ಟಿಸಿದರು. ಅಪ್ಪ ಅದರ ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದರು. ಓದಲು ಕರೆದರೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಓದುವಾಗ ಕಾಣುತ್ತಿತ್ತು.

ಆ ಭಾನುವಾರ ಜನ ಎದ್ದು ಹೋದ ಮೇಲೆ ಅಪ್ಪ ಸಂದಿಗೆ ಬಂದು ಪರದೆ ಬಿಚ್ಚಿದರು. ನಾನು ಅಭ್ಯಾಸದಿಂದ ಇನ್ನೊಂದು ತುದಿ ಹಿಡಿದಿದ್ದೆ. ಇಬ್ಬರೂ ಸೇರಿ ಮಡಿಚತೊಡಗಿದೆವು. ಸವೆದ ಜಾಗ ಅಪ್ಪನ ಕೈಗೆ ಬಂದಿತು. ಅದರ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನನ್ನೆದುರು ಕುಕ್ಕರುಗಾಲಿನಲ್ಲಿ ಕೂತರು. ಅವರ ಕಣ್ಣು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ.

"ನೀ ಇಲ್ಲೇ ನಿಂತಿದ್ದೆಲ್ಲವ್ವಾ. ಆಕಿ ಏನ ಹಾಕ್ತಾಳ ಅಂತ ನಿನಗರ ಕಂಡಿತ್ತೇನು? ಖರೆ ಹೇಳು. ಸಿಟ್ಟಾಗೂದಿಲ್ಲ."

"ಇಲ್ಲಪ್ಪಾ," ಎಂದೆ. ಆ ಮಾತಿಗೆ ನನ್ನ ಗಂಟಲು ಕಟ್ಟಲಿಲ್ಲ.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಶಾಣ್ಯಾ ಹುಡುಗಿ," ಎಂದರು. "ನಾ ಹೇಳಿದಂಗ ಕೇಳಿದಿ."